ಕೂಸಿನ ಅಳು ಯಾವುದಕ್ಕೆ ಸಾಕ್ಷಿ?

ಚಿಕಿತ್ಸೆಗೆ ನಾಲ್ಕು ಕಾಲು ಎನ್ನುತ್ತದೆ ಚರಕ ಸಂಹಿತೆಯ ಸೂತ್ರಸ್ಥಾನ: ವೈದ್ಯ, ಔಷಧ, ಪರಿಚಾರಕ, ರೋಗಿ. ಒಂದೊಂದಕ್ಕೂ ನಾಲ್ಕು ನಾಲ್ಕು ಗುಣ. ಪರಿಚಾರಕನಿಗೆ ಆರೈಕೆಯ ತಿಳಿವಳಿಕೆ, ಕೆಲಸದಲ್ಲಿ ಚುರುಕು, ಅಕ್ಕರೆ, ಶುಚಿತ್ವ ಇರಬೇಕು. ಇದರಲ್ಲಿ ತಕರಾರೇನಿಲ್ಲ. ಆದರೆ ಅಲ್ಲಿ ರೋಗಿಗೂ ಅರ್ಹತೆಗಳಿವೆ. ನೆನಪು ಗಟ್ಟಿಯಿರಬೇಕು, ಹೇಳಿದಂತೆ ಕೇಳಬೇಕು, ಅಂಜಬಾರದು, ತನಗೇನಾಗುತ್ತಿದೆ ಎಂದು ಬಿಡಿಸಿ ಹೇಳಬೇಕು.

ಎಂಟು ತಿಂಗಳ ಕೂಸು ಈ ನಾಲ್ಕರಲ್ಲೂ ಫೇಲು. ನಿನ್ನೆ ಎಷ್ಟು ಸಲ ಭೇದಿಯಾಯಿತೋ ಅದಕ್ಕೆ ಗೊತ್ತಿಲ್ಲ. ಔಷಧಿ ಬಾಯಿಗೆ ಬಿಟ್ಟರೆ ಉಗುಳುತ್ತದೆ, ಬಿಳಿ ಕೋಟು ಕಂಡರೆ ಕಿಟಾರನೆ ಕಿರುಚುತ್ತದೆ, ಹೊಟ್ಟೆನೋವೋ ಕಿವಿನೋವೋ ಹೇಳಲು ಮಾತಿಲ್ಲ. ಅದರ ಕೈಯಲ್ಲಿರುವುದು ಅಳು ಒಂದೇ. ಆ ಅಳುವನ್ನು ದೊಡ್ಡವರು ಯಾವುದಕ್ಕೆ ಸಾಕ್ಷಿಯಾಗಿ ತೆಗೆದುಕೊಂಡರು ಎಂಬುದಕ್ಕೆ ಒಂದು ಇತಿಹಾಸವಿದೆ. ಅದರಲ್ಲಿ ದಾರ್ಶನಿಕರೂ ಇದ್ದಾರೆ, ಸಂತರೂ ಇದ್ದಾರೆ, ಶಸ್ತ್ರವೈದ್ಯರೂ ಇದ್ದಾರೆ. ಅವರೆಲ್ಲರಿಗಿಂತ ಹೆಚ್ಚಾಗಿ ಆ ಅಳುವನ್ನು ದಿನವೂ ಕೇಳಿಸಿಕೊಂಡವರು ತಾಯಂದಿರು ಮತ್ತು ದಾದಿಯರು. ಅವರು ಹೇಳಿದ್ದು ಗ್ರಂಥಗಳಿಗೆ ಸೇರಿದ್ದು ಕಡಿಮೆ.

ಗೌತಮನ ನ್ಯಾಯಸೂತ್ರದ ಮೂರನೆಯ ಅಧ್ಯಾಯದಲ್ಲಿ ಆತ್ಮ ನಿತ್ಯವೇ ಎಂಬ ವಾದ ನಡೆಯುವಾಗ ಹಸುಗೂಸು ಸಾಕ್ಷಿಕಟ್ಟೆ ಹತ್ತುತ್ತದೆ. ಈಗತಾನೇ ಹುಟ್ಟಿದ ಮಗು ನಗುತ್ತದೆ, ಬೆಚ್ಚುತ್ತದೆ, ದುಃಖಿಸುತ್ತದೆ. ಈ ಜನ್ಮದಲ್ಲಿ ಅದಿನ್ನೂ ಏನನ್ನೂ ಕಂಡಿಲ್ಲ. ಆದ್ದರಿಂದ ಹಿಂದಿನ ಜನ್ಮದ ನೆನಪು ಇರಲೇಬೇಕು ಎಂಬುದು ನೈಯಾಯಿಕನ ತರ್ಕ. ಎದುರು ಕೂತವನು ಸುಮ್ಮನಿರುವುದಿಲ್ಲ. ತಾವರೆ ಅರಳುತ್ತದೆ, ಮುಚ್ಚಿಕೊಳ್ಳುತ್ತದೆ, ಅದಕ್ಕೇನು ನೆನಪಿದೆಯೇ, ಕೂಸಿನ ಮುಖವೂ ಹಾಗೆಯೇ ಎನ್ನುತ್ತಾನೆ. ನೈಯಾಯಿಕ ಒಪ್ಪುವುದಿಲ್ಲ. ತಾವರೆಯ ವಿಕಾರಕ್ಕೆ ಬಿಸಿಲು, ಚಳಿ, ಮಳೆ ಕಾರಣ. ಕೂಸಿನ ಅಳು ಆ ಜಾತಿಯದಲ್ಲ, ಒಳಗೆ ದುಃಖವಿದ್ದೇ ಅದು ಅಳುತ್ತದೆ.

ಪುನರ್ಜನ್ಮದ ತೀರ್ಮಾನವನ್ನು ಒಪ್ಪಬಹುದು, ಬಿಡಬಹುದು. ಅದಕ್ಕೆ ಮೊದಲಿನ ಮೆಟ್ಟಿಲು ಮಾತ್ರ ದೊಡ್ಡದು: ಕೂಸಿಗೆ ನಿಜವಾಗಿ ನೋಯುತ್ತದೆ.

ಇಪ್ಪತ್ತನೆಯ ಶತಮಾನದ ವೈದ್ಯಶಾಸ್ತ್ರ ಇಲ್ಲೇ ಎಡವಿತು. ಗೊತ್ತಿಲ್ಲದೆಯೇ ಅದು ತಾವರೆಯ ಪಕ್ಷ ಹಿಡಿಯಿತು. 1941ರಲ್ಲಿ ಅಮೆರಿಕದ ಮರ್ಟಲ್ ಮೆಕ್‌ಗ್ರಾ ಶಿಶುಗಳಿಗೆ ಸೂಜಿಮೊನೆ ಚುಚ್ಚಿ ಅವು ಹೇಗೆ ವರ್ತಿಸುತ್ತವೆ ಎಂದು ದಾಖಲಿಸಿದರು. ನವಜಾತ ಶಿಶುವಿನ ಪ್ರತಿಕ್ರಿಯೆ ಬಲಿಯದ ನರಗಳ ಕೆಲಸ, ಮೇಲ್ಮೆದುಳಿಗೆ ಅದರಲ್ಲಿ ಹೆಚ್ಚಿನ ಪಾತ್ರವಿಲ್ಲ ಎಂಬ ನಂಬಿಕೆ ಇಂಥ ಅಧ್ಯಯನಗಳಿಂದ ಬಲವಾಯಿತು. ಅರಿವಳಿಕೆ ಕೊಟ್ಟರೆ ಎಳೆಯ ಜೀವ ತಡೆಯಲಾರದು ಎಂಬ ಭಯವೂ ಜೊತೆಗಿತ್ತು. ಆ ಕಾಲದ ಔಷಧಗಳ ಮಟ್ಟಿಗೆ ಅದು ಪೂರ್ತಿ ಸುಳ್ಳೂ ಅಲ್ಲ. ಪರಿಣಾಮವಾಗಿ 1980ರ ದಶಕದವರೆಗೂ ಮುಂದುವರಿದ ದೇಶಗಳ ಹಲವು ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆ ಸ್ನಾಯುಗಳು ಅಲುಗಾಡದಂತೆ ಮಾಡುವ ಮದ್ದು ಕೊಟ್ಟು, ನೋವು ತಡೆಯುವ ಮದ್ದನ್ನು ಅರೆಬರೆ ಕೊಟ್ಟೋ ಕೊಡದೆಯೋ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಕೂಸು ಅಲುಗುವಂತಿಲ್ಲ, ಅಳುವಂತೂ ಇಲ್ಲ.

ಭಾರತದಿಂದ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೋದ ಕೆ. ಜೆ. ಎಸ್. ಆನಂದ್ ಎಂಬ ಮಕ್ಕಳ ವೈದ್ಯರು ಈ ಅಭ್ಯಾಸವನ್ನು ಪ್ರಶ್ನಿಸಿದರು. ಅವಧಿಗೆ ಮುನ್ನ ಹುಟ್ಟಿ, ಹೃದಯದ ಬಳಿ ಶಸ್ತ್ರಚಿಕಿತ್ಸೆ ಬೇಕಾದ ಶಿಶುಗಳಲ್ಲಿ ಕೆಲವಕ್ಕೆ ಫೆಂಟನಿಲ್ ಎಂಬ ನೋವುನಿವಾರಕ ಸೇರಿಸಿ, ಕೆಲವಕ್ಕೆ ಅಂದಿನ ರೂಢಿಯಂತೆ ಅದಿಲ್ಲದೆ ಚಿಕಿತ್ಸೆ ನಡೆಯಿತು. ಫೆಂಟನಿಲ್ ಸಿಗದ ಕೂಸುಗಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ವಿಪರೀತ ಏರಿದವು, ಆಮೇಲಿನ ತೊಂದರೆಗಳೂ ಅವಕ್ಕೇ ಹೆಚ್ಚು. 1987ರಲ್ಲಿ ‘ಲ್ಯಾನ್ಸೆಟ್’ ಇದನ್ನು ಪ್ರಕಟಿಸಿತು. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ನವಜಾತ ಶಿಶುಗಳಿಗೂ ಅರಿವಳಿಕೆ ಕೊಡಬೇಕು ಎಂದು ಹೇಳಿತು. ಹೆತ್ತ ತಾಯಿಗೆ ಹೇಳಿದ್ದರೆ ನಗುತ್ತಿದ್ದಳೋ ಅಳುತ್ತಿದ್ದಳೋ. ಮಗುವಿಗೆ ನೋಯುತ್ತದೆ ಎಂಬುದಕ್ಕೆ ರಕ್ತಪರೀಕ್ಷೆಯ ವರದಿ ಬೇಕಾಯಿತು.

ಹಾಗೆಂದು ಹಳೆಯ ಕಾಲವೆಲ್ಲ ಸರಿ, ಹೊಸದೆಲ್ಲ ತಪ್ಪು ಎಂದು ಹೊರಟರೆ ಅದೂ ಸುಳ್ಳೇ. ಮಕ್ಕಳ ಚಿಕಿತ್ಸೆಗೆಂದೇ ಇರುವ ಪ್ರಾಚೀನ ಗ್ರಂಥ ಕಾಶ್ಯಪ ಸಂಹಿತೆ. ನೇಪಾಳದಲ್ಲಿ ಸಿಕ್ಕ ಅಪೂರ್ಣ ಹಸ್ತಪ್ರತಿಯಿಂದ ಅದು ಅಚ್ಚಾಗಿದ್ದು ಕಳೆದ ಶತಮಾನದಲ್ಲಿ. ಅದರಲ್ಲಿ ವೇದನಾಧ್ಯಾಯ ಎಂಬುದೇ ಬೇರೆ ಇದೆ. ಮಾತು ಬಾರದ ಮಗುವಿನ ನೋವು ಎಲ್ಲಿಯದೆಂದು ತಿಳಿಯುವುದು ಹೇಗೆ ಎಂಬುದು ಅಲ್ಲಿನ ಪ್ರಶ್ನೆ. ತಲೆ ಹೊರಳಿಸಿ ಕಣ್ಣು ಮುಚ್ಚಿಕೊಂಡರೆ ತಲೆನೋವು. ಕೈ ಮತ್ತೆ ಮತ್ತೆ ಕಿವಿಗೆ ಹೋದರೆ ಕಿವಿನೋವು. ಮೊಲೆ ಒಲ್ಲದೆ ಅಂಗಾತ ಮಲಗಿ ಅಳುತ್ತ, ಹೊಟ್ಟೆ ಬಿಗಿದು ಮುಖ ಬೆವರಿದರೆ ಹೊಟ್ಟೆಶೂಲೆ. ಮಗ್ಗುಲಲ್ಲಿ ಕೂತು ಕಣ್ಣು ಕೀಳದೆ ನೋಡಿದವರು ಬರೆದದ್ದು ಇದು. ಆದರೆ ಅದೇ ಗ್ರಂಥದ ಹುಟ್ಟಿನ ಕಥೆ ಬೇರೆಯದನ್ನು ಹೇಳುತ್ತದೆ. ಕಾಶ್ಯಪರ ಉಪದೇಶವನ್ನು ಸಂಗ್ರಹಿಸಿದವನು ಐದು ವರ್ಷದ ಜೀವಕ. ಹುಡುಗನ ಮಾತೆಂದು ಋಷಿಗಳು ಅದಕ್ಕೆ ಬೆಲೆ ಕೊಡಲಿಲ್ಲ. ಅವನು ಎಲ್ಲರೆದುರಿಗೆ ಕನಖಲದ ಗಂಗೆಯಲ್ಲಿ ಮುಳುಗಿ, ಸುಕ್ಕು ಚರ್ಮ, ನರೆತ ಕೂದಲಿನ ಮುದುಕನಾಗಿ ಎದ್ದ. ಆಮೇಲೆ ಒಪ್ಪಿದರು. ಮಕ್ಕಳ ವೈದ್ಯಗ್ರಂಥಕ್ಕೂ ಮಾನ್ಯತೆ ಸಿಗಬೇಕಾದರೆ ಮಗು ಮೊದಲು ಮುದುಕನಾಗಬೇಕಿತ್ತು!

ತಾಲ್ಲೂಕು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ವೇದನಾಧ್ಯಾಯ ಈಗಲೂ ನಡೆಯುತ್ತದೆ, ಹೆಸರು ಬೇರೆ. ಕೆಮ್ಮು, ಜ್ವರ ಎಂದು ಬಂದ ಮಗುವನ್ನು ಅನುಭವಿ ಸಿಸ್ಟರ್ ಒಮ್ಮೆಲೇ ಮುಟ್ಟುವುದಿಲ್ಲ. ಮುಟ್ಟಿದರೆ ಅಳುತ್ತದೆ, ಅತ್ತರೆ ಉಸಿರಿನ ಲೆಕ್ಕ ಕೆಡುತ್ತದೆ. ಅಮ್ಮನ ತೊಡೆಯ ಮೇಲೆಯೇ ಇರಲಿ ಎಂದು ಅಂಗಿ ಮೇಲೆತ್ತಿಸಿ, ಗಡಿಯಾರದ ಮುಳ್ಳು ನೋಡುತ್ತ ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸುತ್ತಾರೆ. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ ಆಗದು. ಕೂಸಿನ ಉಸಿರು ಒಂದೇ ಸಮ ನಡೆಯುವುದಿಲ್ಲ. ಎರಡು ತಿಂಗಳೊಳಗಿನ ಶಿಶುವಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40: ಉಸಿರು ಅಷ್ಟು ಮುಟ್ಟಿದರೆ ಅಥವಾ ದಾಟಿದರೆ ಅದು ವೇಗದ ಉಸಿರು, ನ್ಯುಮೋನಿಯಾದ ಗುಮಾನಿ. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆಯುತ್ತದೆಯೇ ಎಂದೂ ನೋಡುತ್ತಾರೆ. ವಾಂತಿಭೇದಿಯಾದರೆ ಹೊಟ್ಟೆಯ ಚರ್ಮ ಚಿವುಟಿ ಬಿಡುತ್ತಾರೆ. ಮಡಿಕೆ ಎರಡು ಸೆಕೆಂಡು ದಾಟಿಯೂ ಹಾಗೆಯೇ ನಿಂತರೆ ಮೈಯಲ್ಲಿ ನೀರು ತೀರಾ ಬತ್ತಿದೆ ಎಂದರ್ಥ. ನಡುವೆ ತಾಯಿಗೆ ಪ್ರಶ್ನೆ: “ಹಾಲು ಕುಡೀತಾ? ಬೆಳಗಿಂದ ಎಷ್ಟು ಸಲ ಉಚ್ಚೆ ಹೋಯ್ತಮ್ಮ?” ಉತ್ತರ ಲೆಕ್ಕದಲ್ಲಿ ಬರುವುದು ಅಪರೂಪ. “ಯಾಕೋ ಮಂಕಾಗೈತೆ ಸಿಸ್ಟರ್, ದಿನಾ ಇದ್ದಂಗಿಲ್ಲ.”

ಈ ಮಾತನ್ನು ತಳ್ಳಿಹಾಕುವ ವಾರ್ಡುಗಳು ಬೇಕಾದಷ್ಟಿವೆ. ಆದರೆ ಮಗು ನಿನ್ನೆ ಹೇಗಿತ್ತು ಎಂದು ಕಂಡವಳು ಆ ಕೋಣೆಯಲ್ಲಿ ಅವಳೊಬ್ಬಳೇ. ಮೇಲಾಗಿ ಮಂಕು ಎಂಬುದು ಸಣ್ಣ ದೂರಲ್ಲ. ಐದು ವರ್ಷದೊಳಗಿನ ಮಕ್ಕಳ ಕಾಯಿಲೆಗಳಿಗೆ ಭಾರತದಲ್ಲಿ ಬಳಸುವ ಮಾರ್ಗಸೂಚಿ ಹೇಳುವ ಅಪಾಯದ ಲಕ್ಷಣಗಳು ಹಾಲು ನೀರು ಕುಡಿಯಲಾಗದಿರುವುದು, ಕೊಟ್ಟದ್ದೆಲ್ಲ ವಾಂತಿಯಾಗುವುದು, ಫಿಟ್ಸ್ ಬರುವುದು ಮತ್ತು ಮಂಕಾಗಿ ಅಥವಾ ಎಚ್ಚರವಿಲ್ಲದೆ ಬೀಳುವುದು. ಅಳು ಈ ಸಾಲಿನಲ್ಲಿ ಇಲ್ಲ. ತುರ್ತು ವಿಭಾಗದಲ್ಲಿ ಹಳಬರು ಹೊಸಬರಿಗೆ ಕಲಿಸುವುದೂ ಇದನ್ನೇ: ಚೀರುತ್ತಿರುವ ಮಗು ಸ್ವಲ್ಪ ಕಾಯಬಲ್ಲದು, ಸುಮ್ಮನಾದದ್ದನ್ನು ಮೊದಲು ನೋಡು.

ಸುಮ್ಮನಿರುವ ಮಗುವನ್ನು ತಪ್ಪಾಗಿ ಓದಿದ ದೊಡ್ಡ ಉದಾಹರಣೆ ಇಂಗ್ಲೆಂಡಿನದು. ಅಲ್ಲಿನ ಆಸ್ಪತ್ರೆಗಳಲ್ಲಿ ತಂದೆತಾಯಿ ಮಕ್ಕಳನ್ನು ಕಾಣಲು ಬಿಗಿ ನಿರ್ಬಂಧವಿತ್ತು. ಅಮ್ಮ ಬಂದು ಹೋದರೆ ಮಗು ಅಳುತ್ತದೆ, ಬಾರದಿದ್ದರೆ ಎರಡು ದಿನದಲ್ಲಿ ಹೊಂದಿಕೊಳ್ಳುತ್ತದೆ ಎಂಬುದು ದಾದಿಯರ ಪ್ರಾಮಾಣಿಕ ಅನುಭವವೇ ಆಗಿತ್ತು. ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹೆಣ್ಣುಮಗುವನ್ನು ಚಿತ್ರೀಕರಿಸಿದರು. ಮಗು ಹೆಚ್ಚು ರಂಪ ಮಾಡುವುದಿಲ್ಲ. ಮುಖ ಗಟ್ಟಿ ಮಾಡಿಕೊಂಡು, ಆಗಾಗ ಅಮ್ಮ ಎಲ್ಲಿ ಎಂದು ಕೇಳುತ್ತದೆ, ಅಷ್ಟೇ. ಮೊದಲು ಪ್ರತಿಭಟನೆ, ಆಮೇಲೆ ಹತಾಶೆ, ಕೊನೆಗೆ ಯಾರೂ ಬೇಡವೆಂಬ ದೂರ: ಹೊಂದಿಕೊಂಡಿದೆ ಎಂದು ದೊಡ್ಡವರು ಸಮಾಧಾನಪಡುವುದು ಈ ಕೊನೆಯ ಹಂತವನ್ನು ಕಂಡು ಎಂದರು ರಾಬರ್ಟ್‌ಸನ್. ಚಿತ್ರ ನೋಡಿದ ವೈದ್ಯರು, ದಾದಿಯರಲ್ಲಿ ಅನೇಕರಿಗೆ ಸಿಟ್ಟು ಬಂತು. ಆದರೂ 1959ರ ಪ್ಲಾಟ್ ವರದಿ, ಮಕ್ಕಳನ್ನು ನೋಡಲು ತಂದೆತಾಯಿಗೆ ಮುಕ್ತ ಅವಕಾಶವಿರಲಿ ಎಂದು ಶಿಫಾರಸು ಮಾಡಿತು. ಕಾಯಿಲೆಯ ಮಗುವಿನ ಮಂಚದಡಿ ಚಾಪೆ ಹಾಸಿ ಮಲಗುವ ನಮ್ಮ ಕಡೆಯ ಅಜ್ಜಿಯರಿಗೆ ಈ ವರದಿ ಓದಿ ಹೇಳಿದ್ದರೆ ಏನೆನ್ನುತ್ತಿದ್ದರೋ!

ಇನ್ನು ‘ಯಾಕೆ’ ಎಂಬ ಪ್ರಶ್ನೆ. ಏನೂ ತಿಳಿಯದ ಮಗು ಯಾಕೆ ನರಳಬೇಕು? ಐದನೆಯ ಶತಮಾನದಲ್ಲಿ ಸಂತ ಅಗಸ್ಟೀನ್, ದೇವರು ನ್ಯಾಯವಂತ, ಮಗುವಾದರೋ ನರಳುತ್ತಿದೆ, ಆದ್ದರಿಂದ ಅದು ಹುಟ್ಟುತ್ತಲೇ ಆದಿಪಾಪವನ್ನು ಹೊತ್ತು ಬಂದಿರಬೇಕು ಎಂದು ವಾದಿಸಿದರು. ಇಸ್ಲಾಮಿನ ಮುತಜಿಲ ಪಂಥದವರಿಗೆ ಮಗುವನ್ನು ಅಪರಾಧಿ ಮಾಡಲು ಮನಸ್ಸಾಗಲಿಲ್ಲ. ಅನ್ಯಾಯವಾಗಿ ಅನುಭವಿಸಿದ ನೋವಿಗೆ ದೇವರು ಪರಿಹಾರ ಕೊಡಲೇಬೇಕು ಎಂದರು. ನಮ್ಮಲ್ಲಿ ಕರ್ಮವಿದೆ, ಅದು ವಾರ್ಡಿನಲ್ಲಿ ಆಡುಮಾತಾಗಿ ಬರುತ್ತದೆ: “ಯಾವ ಜನ್ಮದ್ದೋ ಏನೋ.” ತರ್ಕವಾಗಿ ಮೂರೂ ಗಟ್ಟಿ. ಆದರೆ ಮೂರರಲ್ಲೂ ಕೂಸಿನ ಅಳು ಬೇರೇನನ್ನೋ ಸಾಬೀತು ಮಾಡಲು ಬಂದ ಸಾಕ್ಷಿ. ಎಲ್ಲಿ ನೋಯುತ್ತಿದೆ ಎಂದು ಸಾಕ್ಷಿಯನ್ನು ಯಾರೂ ಕೇಳುವುದಿಲ್ಲ. ಜೊತೆಗೆ ‘ಯಾಕೆ’ಗೆ ಉತ್ತರ ಹುಡುಕುವವರ ಬೆರಳು ಬೇಗ ತಾಯಿಯ ಕಡೆ ತಿರುಗುತ್ತದೆ. ಬಸುರಿಯಾಗಿದ್ದಾಗ ಗ್ರಹಣ ನೋಡಿದಳೋ, ದೃಷ್ಟಿ ತೆಗೆಯಲಿಲ್ಲವೋ, ಹರಕೆ ಮರೆತಳೋ. ಹುಟ್ಟುಕುರುಡನನ್ನು ಕಂಡು ಪಾಪ ಮಾಡಿದವರು ಯಾರು, ಇವನೋ ಇವನ ಹೆತ್ತವರೋ ಎಂದು ಶಿಷ್ಯರು ಕೇಳಿದಾಗ ಇಬ್ಬರೂ ಅಲ್ಲ ಎಂದು ಯೇಸು ಹೇಳಿದ ಪ್ರಸಂಗ ಯೋಹಾನನ ಸುವಾರ್ತೆಯಲ್ಲಿದೆ. ಆ ಉತ್ತರದ ನಂತರವೂ ಅಗಸ್ಟೀನರು ಬಂದರು ಎಂಬುದು ಯೋಚಿಸಬೇಕಾದ ವಿಷಯ.

ನಂಬಿಕೆಯನ್ನು ಹೊರಗಿಟ್ಟು ಬನ್ನಿ ಎಂದರೆ ಮಕ್ಕಳ ವಾರ್ಡು ನಡೆಯದು. ಮಗುವಿಗೆ ಸಿಡುಬಿನಂಥ ಗುಳ್ಳೆ ಎದ್ದರೆ ಅಮ್ಮ ಬಂದಿದ್ದಾಳೆ ಎನ್ನುತ್ತಾರೆ. ಸಿಡುಬು ಭಾರತದಿಂದ ತೊಲಗಿತೆಂದು 1977ರಲ್ಲೇ ಘೋಷಣೆಯಾಯಿತು. ದೇವಿ ಉಳಿದಳು, ಈಗ ಅವಳ ಪಾಲಿಗೆ ಇರುವುದು ಚಿಕನ್‌ಪಾಕ್ಸ್. ಬೇವಿನ ಸೊಪ್ಪಿನ ಹಾಸಿಗೆ, ತಂಪು ಆಹಾರ, ಮಗುವನ್ನು ಬೇರೆ ಕೋಣೆಯಲ್ಲಿಡುವುದು ಯಾವುದೂ ಕೆಟ್ಟದ್ದಲ್ಲ. ಬೇರೆ ಇಡುವುದಂತೂ ಸೋಂಕು ಹರಡದಂತೆ ಮಾಡುವ ಸರಿಯಾದ ಕ್ರಮ. ಜ್ವರಕ್ಕೆ ಮದ್ದು ಕೊಟ್ಟರೆ ದೇವಿ ಮುನಿಯುತ್ತಾಳೆ, ಮೈ ತೊಳೆಯಬಾರದು ಎಂದಾಗ ತೊಂದರೆ ಶುರು. ತುರಿಸಿದ ಗುಳ್ಳೆ ಕೀವಾಗುತ್ತದೆ. ಜಾಣ ಸಿಸ್ಟರ್ ಬೇವನ್ನು ದಿಂಬಿನ ಬಳಿಯೇ ಬಿಟ್ಟು, ಮಗುವಿನ ಉಗುರು ಕತ್ತರಿಸಿ, ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್ ಕೊಡಿಸುತ್ತಾರೆ. ಆದರೆ ಪಕ್ಕೆನೋವಿಗೆ, ಕಾಮಾಲೆಗೆ ಕೂಸಿನ ಹೊಟ್ಟೆಯ ಮೇಲೆ ಕಾಯಿಸಿದ ಬರೆ ಎಳೆಸಿಕೊಂಡು ಬಂದಾಗ ಅಂಥ ರಾಜಿ ಸಾಧ್ಯವಿಲ್ಲ. ಅಲ್ಲಿ ನಂಬಿಕೆ ನೋವಿಗೆ ಅರ್ಥ ಹೇಳಿ ನಿಲ್ಲುವುದಿಲ್ಲ, ಇನ್ನಷ್ಟು ನೋವು ಸೇರಿಸುತ್ತದೆ.

ಧರ್ಮಗ್ರಂಥಗಳಲ್ಲಿ ‘ಯಾಕೆ’ಯನ್ನು ದಾಟಿದ ಜಾಗಗಳೂ ಇವೆ. ಬೌದ್ಧ ವಿನಯಪಿಟಕದಲ್ಲಿ ಭೇದಿಯಾಗಿ ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ ಭಿಕ್ಷುವನ್ನು ಬುದ್ಧ ಕಾಣುತ್ತಾನೆ. ಶಿಷ್ಯ ಆನಂದನಿಂದ ನೀರು ತರಿಸಿ, ಇಬ್ಬರೂ ಸೇರಿ ಅವನ ಮೈ ತೊಳೆದು ಮಂಚದ ಮೇಲೆ ಮಲಗಿಸುತ್ತಾರೆ. ಆಮೇಲೆ ಬುದ್ಧ, ಪರಿಚಾರಕ ಹೇಗಿರಬೇಕು ಎಂದು ಹೇಳುವಾಗ ಮಲ, ಮೂತ್ರ, ವಾಂತಿಗೆ ಅಸಹ್ಯಪಡದವನು ಎಂಬುದನ್ನು ಬಿಡದೆ ಸೇರಿಸುತ್ತಾನೆ. 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ತುಂಬಿದ ಬನಗಾಂವ್‌ನಲ್ಲಿ ಕಾಲರಾ ಎದ್ದಾಗ ಮಕ್ಕಳ ವೈದ್ಯ ದಿಲೀಪ್ ಮಹಲನಾಬೀಸ್ ಮೊಣಕಾಲೂರಬೇಕಾದದ್ದು ಅಂಥದೇ ನೆಲದ ಮೇಲೆ. ರಕ್ತನಾಳಕ್ಕೆ ಕೊಡುವ ಸಲೈನ್ ಸಾಲದೆ ಹೋಯಿತು. ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆಸೋಡದ ಲೆಕ್ಕದಲ್ಲಿ ಕದಡಿ, ನಲ್ಲಿ ಹಾಕಿದ ಡ್ರಮ್ಮುಗಳಲ್ಲಿಟ್ಟು, ರೋಗಿಗಳ ಮನೆಯವರೇ ಲೋಟದಲ್ಲಿ ಹಿಡಿದು ಕುಡಿಸುವ ವ್ಯವಸ್ಥೆ ಮಾಡಿದರು. ನೂರಕ್ಕೆ 30ರ ಹತ್ತಿರವಿದ್ದ ಸಾವು 3.6ಕ್ಕೆ ಇಳಿಯಿತು. ಓದುಬರಹವಿಲ್ಲದ ಅಮ್ಮ, ಅಕ್ಕ, ಚಿಕ್ಕಪ್ಪ ಅಲ್ಲಿ ಪರಿಚಾರಕರಾದರು. ಇವತ್ತಿಗೂ ಮಗು ಓಆರ್‌ಎಸ್ ಕಕ್ಕಿದರೆ ಸಿಸ್ಟರ್ ಹೇಳುವುದಿಷ್ಟೇ: ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಮ್ಮ, ಚಮಚ ಚಮಚವಾಗಿ, ಎದೆಹಾಲು ಮಾತ್ರ ನಿಲ್ಲಿಸಬೇಡ.

ಕೂಸಿನ ನೋವನ್ನು ಅಳೆಯಲು 1997ರಲ್ಲಿ ಮಿಷಿಗನ್‌ನಲ್ಲಿ ರೂಪಿಸಿದ ಒಂದು ಮಾಪನ ಈಗ ಎಷ್ಟೋ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಮುಖ, ಕಾಲು, ಮೈಯ ಚಲನೆ, ಅಳು, ಇವಕ್ಕೆ ಸೊನ್ನೆಯಿಂದ ಎರಡರವರೆಗೆ ಅಂಕ. ಐದನೆಯದು, ಸಮಾಧಾನ ಮಾಡಿದರೆ ಆಗುತ್ತದೆಯೇ ಎಂಬುದು. ಮುಟ್ಟಿ, ಎತ್ತಿಕೊಂಡು, ಮಾತಾಡಿಸಿದಾಗ ಸುಮ್ಮನಾದರೆ ಒಂದು. ಏನು ಮಾಡಿದರೂ ಆಗದಿದ್ದರೆ ಎರಡು. ಮೊದಲ ನಾಲ್ಕನ್ನು ದೂರ ನಿಂತು ಬರೆದುಕೊಳ್ಳಬಹುದು. ಐದನೆಯ ಅಂಕ ಹಾಕಲು ಯಾರಾದರೂ ಮಗುವನ್ನು ಸಮಾಧಾನ ಮಾಡಿಯೇ ನೋಡಬೇಕು. ಚರಕ ಪರಿಚಾರಕನಲ್ಲಿ ಬೇಡಿದ ಅಕ್ಕರೆ ಇಲ್ಲಿ ಅಳತೆಯ ಭಾಗವೇ ಆಗಿಬಿಟ್ಟಿದೆ.

ಅದಕ್ಕೆ ಬೇಕಾದದ್ದು ಹೊತ್ತು, ಗದ್ದಲದ ವಾರ್ಡಿನಲ್ಲಿ ಸಿಗದೆ ಇರುವುದೂ ಅದೇ. ಮಳೆಗಾಲದ ರಾತ್ರಿ ಮೂವತ್ತು ಮಕ್ಕಳಿಗೆ ಒಬ್ಬರೇ ಸಿಸ್ಟರ್ ಇದ್ದರೆ, ತಲಾ ಒಂದು ನಿಮಿಷದಂತೆ ಬರೀ ಉಸಿರು ಎಣಿಸಿ ಮುಗಿಸಲು ಅರ್ಧ ಗಂಟೆ ಬೇಕು. ಜ್ವರ ನೋಡುವುದು, ಡ್ರಿಪ್ ಬದಲಿಸುವುದು, ನೆಬುಲೈಸರ್ ಹಿಡಿಯುವುದು, ರಿಜಿಸ್ಟರ್ ತುಂಬುವುದು ಆಮೇಲಿನ ಮಾತು. ಹನ್ನೊಂದನೆಯ ಮಂಚದ ಮಗು ಸುಮ್ಮನಾದದ್ದು ನಿದ್ದೆಗೋ ಸುಸ್ತಿಗೋ ಎಂದು ಕೂತು ನೋಡಲು ಆಗದೆ ಹೋದರೆ, ಅದನ್ನು ಆ ಮಗುವಿನ ಕರ್ಮದ ಲೆಕ್ಕಕ್ಕೆ ಬರೆಯುವ ಮೊದಲು ಡ್ಯೂಟಿ ಪಟ್ಟಿ ತಯಾರಿಸಿದವರನ್ನೂ, ಖಾಲಿ ಹುದ್ದೆಗಳ ಕಡತವನ್ನು ಮೇಜಿನ ಮೇಲಿಟ್ಟುಕೊಂಡವರನ್ನೂ ಕೇಳಬೇಕಾಗುತ್ತದೆ.