ಕೌಶಲವೂ ರೂಢಿಯೂ ಒಂದೇ ಅಲ್ಲ

ಗ್ರಾಫಿಕ್ ಡಿಸೈನ್ ಓದಿದ ಹುಡುಗ ಹುಡುಗಿಯರು ಕೆಲಸಕ್ಕೆ ಕಳಿಸುವ ರೆಸ್ಯೂಮೆಗಳಲ್ಲಿ ಬಣ್ಣ ತುಂಬಿದ ಉದ್ದನೆಯ ಪಟ್ಟಿಗಳು ಸಾಮಾನ್ಯವಾಗಿವೆ. ಫೋಟೋಶಾಪ್ ಶೇ 90, ಇಲ್ಲಸ್ಟ್ರೇಟರ್ ಶೇ 80, ಟೈಪೋಗ್ರಫಿ ಶೇ 70. ಫೋಟೋಶಾಪ್ ನೂರಕ್ಕೆ ನೂರು ಬಂದವರು ಹೇಗಿರುತ್ತಾರೆ, ಬಾಕಿ ಉಳಿದ ಹತ್ತರಲ್ಲಿ ಏನಿದೆ ಎಂದು ಕೇಳಿದರೆ ಬರೆದವರಿಗೂ ಗೊತ್ತಿರುವುದಿಲ್ಲ, ಓದಿದವರಿಗೂ ಗೊತ್ತಿರುವುದಿಲ್ಲ.

ವಿದ್ಯಾರ್ಥಿಗಳನ್ನು ದೂರಿ ಫಲವಿಲ್ಲ. ಈ ಭಾಷೆಯನ್ನು ಅವರಿಗೆ ಕಲಿಸಿದವರು ದೊಡ್ಡವರು. 2013ರ ಕೊನೆಯಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಕಲಿಕೆಯನ್ನು 10 ಹಂತಗಳಾಗಿ ವಿಂಗಡಿಸಿತು. 2015ರಲ್ಲಿ ಸ್ಕಿಲ್ ಇಂಡಿಯಾ ಬಂತು. ಒಂದು ಸಂಸ್ಥೆಯ ಪ್ರಮಾಣಪತ್ರವನ್ನು ಇನ್ನೊಂದು ಸಂಸ್ಥೆಯ ಪ್ರಮಾಣಪತ್ರದ ಜೊತೆ ಹೋಲಿಸಲು ಇಂಥ ಚೌಕಟ್ಟು ಬೇಕು, ಅದರಲ್ಲಿ ಆಕ್ಷೇಪವಿಲ್ಲ. ಆದರೆ ಅಲ್ಲಿಂದ ಭಾಷಣಗಳಿಗೆ, ಜಾಹೀರಾತುಗಳಿಗೆ, ಕಾಲೇಜಿನ ಕೈಪಿಡಿಗಳಿಗೆ ಇಳಿದ ‘ಸ್ಕಿಲ್’ ಎಂಬುದು ಮನುಷ್ಯನೊಳಗೆ ಶೇಖರಿಸಿಡುವ ಸರಕಾಯಿತು. ಎಷ್ಟಿದೆ ಎಂದು ಕೇಳುವ ಅಭ್ಯಾಸ ಬೆಳೆಯಿತು. ಕೌಶಲ ಎಂಥದ್ದು ಎಂಬ ಪ್ರಶ್ನೆ ಹಿಂದೆ ಬಿತ್ತು.

ಆ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವರು ಆಕ್ಸ್‌ಫರ್ಡ್‌ನ ತತ್ತ್ವಶಾಸ್ತ್ರಜ್ಞ ಗಿಲ್ಬರ್ಟ್ ರೈಲ್. ಅವರ ‘ದಿ ಕಾನ್ಸೆಪ್ಟ್ ಆಫ್ ಮೈಂಡ್’ ಪ್ರಕಟವಾದದ್ದು 1949ರಲ್ಲಿ. ವಿಷಯವನ್ನು ತಿಳಿದಿರುವುದು ಬೇರೆ, ಮಾಡಲು ಬರುವುದು ಬೇರೆ ಎಂದು ತೋರಿಸಿದ್ದಕ್ಕಾಗಿ ಆ ಪುಸ್ತಕ ಪ್ರಸಿದ್ಧ. ಅಡುಗೆ ಪುಸ್ತಕ ಓದಿದವರಿಗೆಲ್ಲ ಅಡುಗೆ ಬರುವುದಿಲ್ಲ ಎಂಬುದು ಯಾರಿಗೂ ಹೊಸ ಮಾತಲ್ಲವಾದ್ದರಿಂದ ಅದನ್ನು ಇಲ್ಲಿ ಬೆಳೆಸಬೇಕಿಲ್ಲ. ಆ ಮಾತು ಬರುವ ಅಧ್ಯಾಯದಲ್ಲೇ ಅಷ್ಟು ಹೆಸರಾಗದ ಇನ್ನೊಂದು ಭೇದವಿದೆ. ಡಿಸೈನ್ ವಿದ್ಯಾರ್ಥಿಗೆ ನಿಜವಾಗಿ ಬೇಕಾದದ್ದು ಅದು: ರೂಢಿಗೂ ಕೌಶಲಕ್ಕೂ ಇರುವ ಭೇದ.

ಎರಡೂ ಬರುವುದು ಮಾಡಿ ಮಾಡಿಯೇ. ಎರಡರಲ್ಲೂ ಕೈ ತಡವರಿಸುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ. ರೈಲ್ ಕಂಡ ವ್ಯತ್ಯಾಸ ಹೀಗಿದೆ: ರೂಢಿಯಲ್ಲಿ ಇಂದು ಮಾಡಿದ್ದು ನಿನ್ನೆ ಮಾಡಿದ್ದರ ನಕಲು, ಕೌಶಲದಲ್ಲಿ ಇಂದು ಮಾಡುವ ರೀತಿಯನ್ನು ನಿನ್ನೆಯದು ತಿದ್ದಿರುತ್ತದೆ. ಸೈನಿಕ ಬಂದೂಕನ್ನು ಹೆಗಲಿಗೇರಿಸುವುದನ್ನು ಕಲಿಯುವುದು ಕವಾಯತಿನಿಂದ. ಗುರಿಯಿಟ್ಟು ಹೊಡೆಯುವುದನ್ನು ಕಲಿಯುವುದು ತರಬೇತಿಯಿಂದ. ಹೆಗಲಿಗೇರಿಸುವಾಗ ಅವನು ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಬೇಕಿಲ್ಲ. ಗುರಿಯಿಡುವಾಗ ನೋಡದೆ ಆಗದು.

ಇದನ್ನು ಕನ್ನಡದ ಅಕ್ಷರಗಳ ಮೇಲೆ ಇಟ್ಟು ನೋಡಬೇಕು. ರಾಮನಗರ ತಾಲ್ಲೂಕಿನ ಕೂಟಗಲ್ ಹೋಬಳಿಯಿಂದ ಬೆಂಗಳೂರಿಗೆ ಹೋಗಿ ಗ್ರಾಫಿಕ್ ಡಿಸೈನ್ ಓದುತ್ತಿರುವ ಒಬ್ಬಳು ವಿದ್ಯಾರ್ಥಿನಿ ಇದ್ದಾಳೆ ಎಂದುಕೊಳ್ಳೋಣ. ಊರಿನವರು ಅವಳಿಗೆ ಜಾತ್ರೆಯ ಪೋಸ್ಟರ್ ಒಪ್ಪಿಸುತ್ತಾರೆ. ಮೇಲಿನ ಸಾಲಿನಲ್ಲಿ ‘ತಿಮ್ಮಪ್ಪಸ್ವಾಮಿ’ ಎಂದು ಬರಬೇಕು, ಅದರ ಕೆಳಗೆ ‘ಜಾತ್ರೆಗೆ ಬನ್ನಿ’ ಎಂದು. ಮೊದಲು ಒತ್ತಕ್ಷರಗಳು ಒಡೆದು ಬಿಡಿಬಿಡಿಯಾಗಿ ಕಾಣುತ್ತವೆ. ಫೋಟೋಶಾಪ್‌ನ ಹಲವು ಆವೃತ್ತಿಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳನ್ನು ಬೆಂಬಲಿಸುವ ಆಯ್ಕೆಯನ್ನು ಒತ್ತಬೇಕು, ಆಗ ಅಕ್ಷರ ಕೂಡಿಕೊಳ್ಳುತ್ತದೆ. ಇದು ಶುದ್ಧ ಮಾಹಿತಿ. ಒಮ್ಮೆ ತಿಳಿದರೆ ಮುಗಿಯಿತು, ಪಟ್ಟಿಯಲ್ಲಿ ಬರೆದುಕೊಂಡರೂ ಸರಿಯೇ.

ತೊಡಕು ಆಮೇಲೆ ಬರುತ್ತದೆ. ಈ ಸಾಫ್ಟ್‌ವೇರ್‌ಗಳು ಸಾಲುಗಳ ನಡುವೆ ತಾವಾಗಿ ಬಿಡುವ ಅಂತರ ಅಕ್ಷರದ ಅಳತೆಯ ಶೇ 120. ಅದು ಇಂಗ್ಲಿಷ್ ಅಕ್ಷರಗಳ ಲೆಕ್ಕಾಚಾರ. ತಿಮ್ಮಪ್ಪಸ್ವಾಮಿ ಎಂಬ ಹೆಸರೊಂದರಲ್ಲೇ ಮೂರು ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ. ಕೆಳಗಿನ ಸಾಲಿನಿಂದ ‘ತ್ರೆ’ಯ ಏತ್ವ, ‘ನ್ನಿ’ಯ ಗುಡಿಸು ಮೇಲಕ್ಕೆ ಏಳುತ್ತವೆ. ಎರಡೂ ಒಂದಕ್ಕೊಂದು ತಾಗುತ್ತವೆ. ಅವಳು ಅಂತರವನ್ನು ಶೇ 150ಕ್ಕೆ ಏರಿಸುತ್ತಾಳೆ. ಪೋಸ್ಟರ್ ಓದುವಂತಾಗುತ್ತದೆ, ಊರಿನವರಿಗೂ ಮೆಚ್ಚುಗೆಯಾಗುತ್ತದೆ.

ಇನ್ನು ಮುಂದೆ ಅವಳ ಮುಂದೆ ಎರಡು ದಾರಿಗಳಿವೆ. ಪ್ರತಿ ಕನ್ನಡ ಪೋಸ್ಟರಿಗೂ ಶೇ 150 ಇಟ್ಟರೆ ಅದು ರೂಢಿ. ‘ರಾಮನಗರ’ ಎಂಬ ಪದದಲ್ಲಿ ಒಂದೂ ಒತ್ತಿಲ್ಲ, ಅಲ್ಲಿ ಅಷ್ಟು ಜಾಗ ಬಿಟ್ಟರೆ ಸಾಲುಗಳು ಸಂಬಂಧವಿಲ್ಲದಂತೆ ದೂರ ನಿಲ್ಲುತ್ತವೆ. ‘ರಾಷ್ಟ್ರೀಯ’ ಎಂದು ಬರೆಯಬೇಕಾದಾಗ ಒಂದೇ ಅಕ್ಷರಕ್ಕೆ ಎರಡು ಒತ್ತು ಸೇರಿ, ಕೆಲವು ಫಾಂಟ್‌ಗಳಲ್ಲಿ ಅಷ್ಟು ಅಂತರವೂ ಸಾಲದೆ ಹೋಗಬಹುದು. ‘ಅರ್ಕಾವತಿ’ ಎಂದು ದೊಡ್ಡದಾಗಿ ಬರೆದು ಅಕ್ಷರಗಳನ್ನು ಬಿಡಿಸಿಟ್ಟರೆ ಅರ್ಕಾವೊತ್ತು ತನ್ನ ಅಕ್ಷರದಿಂದ ಕಳಚಿಕೊಂಡಂತೆ ಕಾಣುತ್ತದೆ, ಅಲ್ಲಿ ಸಾಲಿನ ಅಂತರಕ್ಕೂ ತೊಂದರೆಗೂ ಸಂಬಂಧವೇ ಇಲ್ಲ. ಯಾವ ಒತ್ತಿನ ಕೆಳಗೆ ಯಾವ ಅಕ್ಷರ ಬರುತ್ತದೆ, ಪದವನ್ನು ಬೇರೆ ಕಡೆ ಮುರಿದರೆ ಹೇಗೆ, ಒತ್ತು ಚಿಕ್ಕದಾಗಿರುವ ಫಾಂಟ್ ಸಿಕ್ಕೀತೇ ಎಂದು ಪ್ರತಿ ಸಲ ನೋಡುವುದು ಎರಡನೆಯ ದಾರಿ. ಮೊದಲ ಪೋಸ್ಟರ್ ಅವಳಿಗೆ ಒಂದು ಸಂಖ್ಯೆಯನ್ನಷ್ಟೇ ಕೊಟ್ಟಿದ್ದರೆ ಅದು ರೂಢಿ. ಎಲ್ಲಿ ಕಣ್ಣಿಡಬೇಕೆಂಬುದನ್ನು ಕೊಟ್ಟಿದ್ದರೆ ಅದು ಕೌಶಲ.

ಇಲ್ಲಿ ಅಡ್ಡ ಬರುವವರು ಡ್ರೈಫಸ್ ಸಹೋದರರು. ಬರ್ಕ್ಲಿಯ ಸ್ಟುವರ್ಟ್ ಮತ್ತು ಹ್ಯೂಬರ್ಟ್ ಡ್ರೈಫಸ್ 1980ರಲ್ಲಿ ಅಮೆರಿಕದ ವಾಯುಪಡೆಯ ನೆರವಿನಿಂದ ಒಂದು ವರದಿ ಬರೆದರು. ಹೊಸಬನಿಂದ ನಿಪುಣನವರೆಗೆ ಅವರು ಬೆಳೆಸಿದ ಐದು ಹಂತದ ಏಣಿ ದಾದಿಯರ ಶಿಕ್ಷಣದಿಂದ ಕಂಪ್ಯೂಟರ್ ಕಂಪನಿಗಳ ತರಬೇತಿಯವರೆಗೆ ಹರಡಿದೆ. ಹೊಸಬ ನಿಯಮ ಹಿಡಿದು ನಡೆಯುತ್ತಾನೆ, ನಿಪುಣ ನಿಯಮವನ್ನೂ ಯೋಚನೆಯನ್ನೂ ಬಿಟ್ಟು ಸಹಜವಾಗಿ ಮಾಡುತ್ತಾನೆ ಎಂಬುದು ಅದರ ಸಾರ. ಬರಿಯ ನಿಯಮಗಳಿಂದ ಬುದ್ಧಿ ಕಟ್ಟಲಾಗದು ಎಂದು ಹ್ಯೂಬರ್ಟ್ ಡ್ರೈಫಸ್ 1972ರಷ್ಟು ಹಿಂದೆಯೇ ವಾದಿಸಿದ್ದರು, ಅದು ಧೈರ್ಯದ ಮಾತು. ಆದರೆ ಈ ಏಣಿಯ ತುದಿ ಕಲಿಯುವವರಿಗೆ ಕೆಟ್ಟ ಸಲಹೆ ಕೊಡುತ್ತದೆ. ತುದಿಯಲ್ಲಿ ನಿಂತ ನಿಪುಣನ ವರ್ಣನೆಗೂ ರೂಢಿಗೆ ಬಿದ್ದವನ ವರ್ಣನೆಗೂ ವ್ಯತ್ಯಾಸ ಹೇಳುವುದು ಕಷ್ಟ. ಇಬ್ಬರೂ ನಿಂತು ಯೋಚಿಸುವುದಿಲ್ಲ. ‘ಈಗ ಯೋಚಿಸದೇ ಕೈ ಓಡುತ್ತದೆ’ ಎಂಬುದನ್ನೇ ಪ್ರಗತಿಯ ಗುರುತು ಎಂದುಕೊಂಡ ವಿದ್ಯಾರ್ಥಿನಿ ಎಲ್ಲ ಪೋಸ್ಟರಿಗೂ ಶೇ 150 ಇಡುವ ದಾರಿಯಲ್ಲೇ ಹೋಗುತ್ತಾಳೆ.

ಬ್ಯಾಲೆ ನರ್ತಕಿಯಾಗಿದ್ದು ಆಮೇಲೆ ತತ್ತ್ವಶಾಸ್ತ್ರಕ್ಕೆ ಬಂದ ಬಾರ್ಬರಾ ಮೊಂಟೆರೊ 2016ರ ತಮ್ಮ ಪುಸ್ತಕದಲ್ಲಿ ಇದಕ್ಕೆ ಎದುರಾಗಿ ವಾದಿಸಿದ್ದಾರೆ. ನುರಿತವರು ಕೆಲಸದ ನಡುವೆಯೂ ಗಮನಿಸುತ್ತಾರೆ, ಯೋಚಿಸುತ್ತಾರೆ, ತಿದ್ದಿಕೊಳ್ಳುತ್ತಾರೆ ಎನ್ನುತ್ತಾರೆ ಅವರು. ಚನ್ನಪಟ್ಟಣದ ಬೊಂಬೆ ಕೆಲಸ ನೋಡಿದವರಿಗೆ ಇದನ್ನು ನಂಬಲು ಕಷ್ಟವಿಲ್ಲ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತದೆ. ಆ ಕೈ ಸಲೀಸಾಗಿ ಸಾಗುತ್ತದೆ ನಿಜ. ಆದರೆ ಕೆಲಸಗಾರರ ಕಣ್ಣು ಮರದಿಂದ ಕದಲುವುದಿಲ್ಲ.

ಹಾಗಾದರೆ ಪ್ರಗತಿಯನ್ನು ತಿಳಿಯುವುದು ಹೇಗೆ? ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಅಲ್ಲಿ ಗೂಡು ಕೊಳ್ಳುವ ರೀಲರುಗಳು ಲಾಟಿನೊಳಗೆ ಕೈಯಾಡಿಸಿ, ಗೂಡು ಎಷ್ಟು ಗಟ್ಟಿ ಎಂದು ಬೆರಳಲ್ಲಿ ಒತ್ತಿ ನೋಡಿ ಬೆಲೆ ಅಂದಾಜು ಮಾಡುತ್ತಾರೆ. ಆ ಅಂದಾಜು ಅಲ್ಲಿಗೇ ನಿಲ್ಲುವುದಿಲ್ಲ. ನೂಲು ಬಿಚ್ಚಿದ ಮೇಲೆ ರೆಂಡಿಟ್ಟಾ ಗೊತ್ತಾಗುತ್ತದೆ, ಅಂದರೆ ಒಂದು ಕಿಲೋ ಕಚ್ಚಾ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕಾಯಿತು ಎಂಬ ಲೆಕ್ಕ. ರೆಂಡಿಟ್ಟಾ ಕಡಿಮೆಯಾದಷ್ಟೂ ಗೂಡು ಒಳ್ಳೆಯದು. ಈ ಸಂಖ್ಯೆ ಗೂಡಿನದು, ರೀಲರಿನ ಕೌಶಲದ ಅಂಕವಲ್ಲ. ಆದರೂ ಕೈ ಹೇಳಿದ್ದು ಸರಿಯೋ ತಪ್ಪೋ ಎಂದು ತಿಳಿಸಿ, ಮುಂದಿನ ಲಾಟಿನಲ್ಲಿ ಬೆರಳು ಏನನ್ನು ಹುಡುಕಬೇಕೆಂಬುದನ್ನು ತಿದ್ದುವುದು ಅದೇ.

ಡಿಸೈನ್ ವಿದ್ಯಾರ್ಥಿಗೆ ಇಂಥ ಸಂಖ್ಯೆ ಸಿಗುವುದಿಲ್ಲ. ಅದಕ್ಕೇ ಮೊದಲ ವರ್ಷದ ಕೆಲಸವನ್ನೂ ಕೊನೆಯ ವರ್ಷದ ಕೆಲಸವನ್ನೂ ಪಕ್ಕಪಕ್ಕ ಇಟ್ಟು ಸಮಾಧಾನಪಡುತ್ತಾರೆ. ಕೊನೆಯದು ಚಂದವಾಗಿರುತ್ತದೆ. ಅದಕ್ಕೆ ಕಾರಣ ಒಳ್ಳೆಯ ಫಾಂಟ್ ಇರಬಹುದು, ಸಿದ್ಧ ಟೆಂಪ್ಲೇಟ್ ಇರಬಹುದು, ಚಿತ್ರ ತಯಾರಿಸಿಕೊಡುವ ಹೊಸ ತಂತ್ರಾಂಶವಿರಬಹುದು. ಎದುರಿಗಿಟ್ಟ ಎರಡು ಚಿತ್ರಗಳು ಅದನ್ನು ಹೇಳಲಾರವು. ಕೈಬಿಟ್ಟ ಕರಡುಗಳು ಹೇಳಬಲ್ಲವು. ಮೊದಲ ವರ್ಷ ‘ಚೆನ್ನಾಗಿಲ್ಲ’ ಎಂದಷ್ಟೇ ಹೇಳಿ ಕರಡು ತೆಗೆದಿಟ್ಟವಳು ಈಗ ‘ಪ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ’ ಎಂದು ಕಾರಣ ಕೊಡುತ್ತಿದ್ದರೆ ಅವಳು ಬೆಳೆದಿದ್ದಾಳೆ.

ಎಷ್ಟೋ ವಿದ್ಯಾರ್ಥಿಗಳು ನಡುವಿನ ವರ್ಷಗಳಲ್ಲಿ ತಮಗೆ ಏನೂ ಬರುವುದಿಲ್ಲ ಎಂದು ಕುಗ್ಗಿ ಕೂರುವುದೂ ಇದರಿಂದಲೇ ಅರ್ಥವಾಗುತ್ತದೆ. ಕಣ್ಣಿಗೆ ಹಿಂದೆ ಕಾಣದಿದ್ದ ದೋಷಗಳು ಕಾಣತೊಡಗಿವೆ, ಅವನ್ನು ಸರಿಪಡಿಸುವಷ್ಟು ಕೈ ಇನ್ನೂ ಪಳಗಿಲ್ಲ. ಶೇಕಡಾ ಲೆಕ್ಕದಲ್ಲಿ ಇದು ಇಳಿಕೆ. ರೈಲ್ ಅವರ ಲೆಕ್ಕದಲ್ಲಿ ನಿನ್ನೆಯ ಕೆಲಸ ಇಂದಿನದನ್ನು ತಿದ್ದಲು ಶುರುಮಾಡಿದೆ. ಮೇಷ್ಟ್ರುಗಳು ಆ ಹೊತ್ತಿನಲ್ಲಿ ಇದನ್ನು ಬಿಡಿಸಿ ಹೇಳಿದರೆ ಕೆಲವರಾದರೂ ಓದು ಬಿಡುವುದಿಲ್ಲ.

ಪರೀಕ್ಷೆಯಿಲ್ಲದೆ ಕೋರ್ಸ್ ನಡೆಯದು, ಅರವತ್ತು ಜನರ ಕರಡು ತಿರುವಿ ಹಾಕಲು ಯಾರಿಗೂ ಪುರುಸೊತ್ತಿಲ್ಲ ಎಂಬ ಮಾತು ನ್ಯಾಯವಾದದ್ದೇ. ಹೊರಗೆ ಕೆಲಸ ಕಲಿತು ಬಂದವರಿಗೆ ಪ್ರಮಾಣಪತ್ರ ಕೊಡುವ ಸರ್ಕಾರಿ ಯೋಜನೆಗಳಿಗೂ ಇದೇ ಇಕ್ಕಟ್ಟು. ರಾಮನಗರದ ಫ್ಲೆಕ್ಸ್ ಅಂಗಡಿಯಲ್ಲಿ ವರ್ಷಗಟ್ಟಲೆ ಕನ್ನಡ ಅಕ್ಷರ ಜೋಡಿಸಿದ ಆಪರೇಟರ್ ಪದವೀಧರರ ಸಮಕ್ಕೆ ನಿಲ್ಲಬಲ್ಲರೇ ಎಂದು ತಿಳಿಯುವುದು ಹೇಗೆ? ಒಂದೇ ಪೋಸ್ಟರ್ ಮಾಡಿಸಿ ಅಂಕ ಕೊಟ್ಟರೆ ರೂಢಿಗೂ ಕೌಶಲಕ್ಕೂ ಒಂದೇ ಅಂಕ ಬೀಳುತ್ತದೆ. ಇಬ್ಬರಿಂದಲೂ ಎರಡು ಪೋಸ್ಟರ್ ಮಾಡಿಸಬೇಕು. ಮೊದಲನೆಯದರಲ್ಲಿ ‘ತಿಮ್ಮಪ್ಪಸ್ವಾಮಿ’ ಇರಲಿ, ಎರಡನೆಯದರಲ್ಲಿ ‘ಅರ್ಕಾವತಿ’. ಎರಡನೆಯದಕ್ಕೆ ಮಾತ್ರ ಅಂಕ ಕೊಡಲಿ.