ಮುತ್ತಿನ ಲೆಕ್ಕ, ಅಧಿಕಾರದ ಲೆಕ್ಕ

ಮಕ್ಕಳು ಕೊರಿಯನ್ ಧಾರಾವಾಹಿ ನೋಡುತ್ತಾರೆಂದರೆ ನಮ್ಮ ಮನೆಗಳಲ್ಲಿ ಹಿರಿಯರು ಮೊದಲು ಕೇಳುವುದು, 'ಅದರಲ್ಲಿ ಮುತ್ತುಗಿತ್ತು ಏನಾದರೂ ಇದೆಯಾ?' ಎಂದು. ಈ ಪರೀಕ್ಷೆಯಲ್ಲಿ ಎಸ್‌ಬಿಎಸ್ ವಾಹಿನಿ 2016ರಲ್ಲಿ ಪ್ರಸಾರ ಮಾಡಿದ 'ಡಾಕ್ಟರ್ಸ್' ಸಲೀಸಾಗಿ ಪಾಸಾಗುತ್ತದೆ. 20 ಕಂತುಗಳ ಈ ಆಸ್ಪತ್ರೆ ಪ್ರೇಮಕಥೆಯಲ್ಲಿ ಮುತ್ತುಗಳು ಬೆರಳೆಣಿಕೆಯಷ್ಟು. ತುರ್ತು ಚಿಕಿತ್ಸಾ ಕೊಠಡಿಯಲ್ಲಿ ನಾಯಕಿ ರೌಡಿಗಳನ್ನು ಸದೆಬಡಿಯುವುದು ಕೂಡ ನಗಿಸಲೆಂದೇ ಇದೆ. ಆದರೆ ಕಥೆಯ ಎಳೆ ನೋಡಿ. ಪುಂಡಿ ಎನಿಸಿಕೊಂಡ ಹೈಸ್ಕೂಲ್ ಹುಡುಗಿ ಯೂ ಹ್ಯೆ-ಜಂಗ್. ಅವಳನ್ನು ಓದಿನ ಕಡೆಗೆ ತಿರುಗಿಸುವ ಮೇಷ್ಟ್ರು ಹೋಂಗ್ ಜಿ-ಹೋಂಗ್ (ನಟ ಕಿಮ್ ರೇ-ವನ್). 13 ವರ್ಷಗಳಾದ ಮೇಲೆ ಇಬ್ಬರೂ ಒಂದೇ ಆಸ್ಪತ್ರೆಯಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಾಗಿ ಎದುರಾಗುತ್ತಾರೆ, ಪ್ರೀತಿಸುತ್ತಾರೆ.

ಗುರು ದೇವರ ಸಮಾನ, ಹಾಗಾಗಿ ಇದು ತಪ್ಪು ಎನ್ನುವವರಿದ್ದಾರೆ. ನನಗೆ ಆ ವಾದವೇ ಹೆಚ್ಚು ಅಪಾಯಕಾರಿ ಎನಿಸುತ್ತದೆ. ದೇವರಾಗಿ ಕೂತವನ ಮೇಲೆ ದೂರು ಕೊಡಲು ಯಾವ ಮಗುವಿಗೆ ಧೈರ್ಯ ಬಂದೀತು? ಅಂಕ ಹಾಕುವವನಿಗೂ ಅಂಕಕ್ಕಾಗಿ ಕಾಯುವವಳಿಗೂ 'ಬೇಡ' ಎನ್ನುವ ಶಕ್ತಿ ಒಂದೇ ಅಲ್ಲ, ತಪ್ಪಿರುವುದು ಅಲ್ಲಿ. ನಮ್ಮ 2012ರ ಪೋಕ್ಸೊ ಕಾಯ್ದೆ ಶಾಲಾ ಸಿಬ್ಬಂದಿ ಎಸಗುವ ಲೈಂಗಿಕ ಅಪರಾಧಕ್ಕೆ ಹೆಚ್ಚಿನ ಶಿಕ್ಷೆ ಇಟ್ಟಿದೆ. 'ಡಾಕ್ಟರ್ಸ್' ಬರೆದವರಿಗೂ ಇದರ ಅರಿವಿದ್ದಂತಿದೆ. ಶಾಲೆಯಲ್ಲಿ ಗುಲ್ಲೇಳುತ್ತದೆ, ಆದರೆ ಪ್ರೇಮ ಅವಳು ದೊಡ್ಡವಳಾಗುವ ತನಕ ಕಾಯುತ್ತದೆ.

ಅಲ್ಲಿಗೆ ತಕರಾರು ಮುಗಿಯಿತೆಂದು ಬಹಳ ಜನ ಸಮಾಧಾನಪಟ್ಟುಕೊಳ್ಳುತ್ತಾರೆ. ಮತ್ತೆ ಸಿಕ್ಕಾಗ ಅವನು ಪ್ರೊಫೆಸರ್, ಅವಳು ಅದೇ ವಿಭಾಗದಲ್ಲಿ ಅವನ ಕೈಕೆಳಗಿನ ಫೆಲೋ ಎಂಬುದನ್ನು ಯಾರೂ ಗಮನಿಸುವುದಿಲ್ಲ. ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಯ ತಾರಸಿಗೆ ಬಂದಿಳಿದವನು ಅವಳಿಗೆ ಮದುವೆಯಾಗಿದೆಯೇ, ಮನಸ್ಸಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸುತ್ತಾನೆ. ಎರಡಕ್ಕೂ ಇಲ್ಲವೆಂಬ ಉತ್ತರ ಬಂದ ಮೇಲೆ, ಹಾಗಿದ್ದರೆ ಸರಿ ಎನ್ನುತ್ತಾನೆ. ಅವಳಿಗೆ ಸರಿಯೇ ಎಂದು ಕೇಳುವ ಗೋಜಿಗೆ ಹೋಗುವುದಿಲ್ಲ.

ಎಸ್ಸೆಸ್ಸೆಲ್ಸಿ ಓದುತ್ತಿರುವ ನನ್ನ ಅಕ್ಕನ ಮಗಳಿಗೆ ಈ ದೃಶ್ಯವೆಂದರೆ ಪ್ರಾಣ. "ಇದನ್ನೇ ಬೊಜ್ಜು ಹೊಟ್ಟೆಯ, ಐವತ್ತು ದಾಟಿದ ಎಚ್‌ಒಡಿ ಕೇಳಿದ್ದರೆ?" ಎಂದೆ.

"ಛೀ ಮಾಮ, ಅಸಹ್ಯ!" ಎಂದಳು. ಆಮೇಲೆ, "ಆದ್ರೆ ಇವ್ನು ಕಿಮ್ ರೇ-ವನ್ ಅಲ್ವಾ" ಎಂದೂ ಸೇರಿಸಿದಳು.

ಇದಕ್ಕಿಂತ ಪ್ರಾಮಾಣಿಕವಾದ ವಿಮರ್ಶೆಯನ್ನು ನಾನು ಓದಿಲ್ಲ. ಚೆಲುವಾದ ಮುಖವೊಂದಿದ್ದರೆ ಮೇಲಧಿಕಾರಿಯ ಅಧಿಕಪ್ರಸಂಗವೂ ಪ್ರೇಮವಾಗುತ್ತದೆ. ಹದಿಹರೆಯದವರಷ್ಟೇ ಅಲ್ಲ, ಅವರಮ್ಮಂದಿರೂ ಹೀಗೆ ಮೋಸಹೋಗುತ್ತಾರೆ. ಅಪ್ಪಂದಿರ ಮಾತು ಇಲ್ಲಿ ಬೇಡ.

ಕೊರಿಯಾದಲ್ಲಿ ವಾಹಿನಿಗಳೇ ತಮ್ಮ ಕಾರ್ಯಕ್ರಮಗಳಿಗೆ 7, 12, 15, 19 ಎಂದು ವಯಸ್ಸಿನ ಗುರುತು ಹಾಕಿ ಪರದೆಯ ಮೂಲೆಯಲ್ಲಿ ತೋರಿಸುತ್ತವೆ. ನಮ್ಮಲ್ಲೂ 2021ರ ನಿಯಮಗಳು ಬಂದಮೇಲೆ ಒಟಿಟಿಗಳು ಯು/ಎ 13+, ಯು/ಎ 16+ ಎಂದು ತಾವೇ ಹಣೆಪಟ್ಟಿ ಹಚ್ಚುತ್ತವೆ. ಬೈಗುಳ, ರಕ್ತ, ನಗ್ನತೆ ಎಷ್ಟಿದೆ ಎಂಬ ಅಂದಾಜು ಅದರಿಂದ ಸಿಕ್ಕೀತು. ಯಾರು ಯಾರ ಮೇಲೆ ಅಧಿಕಾರ ಉಳ್ಳವರು ಎಂಬುದನ್ನು ಮನೆಯವರೇ ಕೂತು ನೋಡಬೇಕು.

ಹಾಗಂತ ನಿಷೇಧಿಸುವುದೇ? ಖಂಡಿತ ಬೇಡ. ಹದಿನೈದು ತುಂಬಿದವರು ತಾವಾಗಿಯೇ ನೋಡಲಿ. ಅದಕ್ಕಿಂತ ಚಿಕ್ಕವರ ಜೊತೆ ದೊಡ್ಡವರೊಬ್ಬರು ಫೋನ್ ಬದಿಗಿಟ್ಟು ಕೂರಲಿ. ಏಕೆಂದರೆ ಈ ಧಾರಾವಾಹಿಯಲ್ಲಿ ಪ್ರೇಮಕ್ಕಿಂತ ಗಟ್ಟಿಯಾದ ಇನ್ನೊಂದು ಕಥೆಯಿದೆ. ಹ್ಯೆ-ಜಂಗ್‌ಳನ್ನು ಸಾಕಿದ ಅಜ್ಜಿ ಹೊಟ್ಟೆಯ ಕ್ಯಾನ್ಸರ್‌ಗೆಂದು ಶಸ್ತ್ರಚಿಕಿತ್ಸೆಗೆ ಹೋದವಳು ಬದುಕಿ ಬರುವುದಿಲ್ಲ. ಏನಾಯಿತೆಂದು ಆಸ್ಪತ್ರೆ ಬಾಯಿಬಿಡುವುದಿಲ್ಲ. ಆ ಹುಡುಗಿ ಗಾಜು ಒಡೆಯಲಿಲ್ಲ. ವೈದ್ಯಕೀಯ ಓದಿ, ಅದೇ ಆಸ್ಪತ್ರೆ ಸೇರಿ, ಸತ್ಯಕ್ಕಾಗಿ ಹುಡುಕಾಡಿ, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯನನ್ನು ಎದುರಿಗೆ ನಿಂತು ಪ್ರಶ್ನಿಸಿದಳು. ಕೊನೆಗೆ ಅವನೇ ರೋಗಿಯಾಗಿ ಬಂದಾಗ ಅವನ ಶಸ್ತ್ರಚಿಕಿತ್ಸೆಯನ್ನೂ ಮಾಡಿದಳು. ವೈದ್ಯರ ಮೇಲಿನ ಹಲ್ಲೆ ತಡೆಯಲು 2009ರಲ್ಲಿ ಕಾಯ್ದೆಯನ್ನೇ ತರಬೇಕಾಗಿ ಬಂದ ಕರ್ನಾಟಕದಲ್ಲಿ ಈ ಭಾಗವನ್ನು ಮಕ್ಕಳು ಗಮನವಿಟ್ಟು ನೋಡಬೇಕು. ರೋಗಿಯ ಮನೆಯವರಿಗೆ ಸತ್ಯ ತಿಳಿಯುವ ಹಕ್ಕಿದೆ, ವೈದ್ಯನಿಗೂ ಜೀವಭಯವಿಲ್ಲದೆ ಕೆಲಸ ಮಾಡುವ ಹಕ್ಕಿದೆ. ಎರಡೂ ಒಂದೇ ಹುಡುಗಿಯ ನಡತೆಯಲ್ಲಿ ಕಾಣುತ್ತವೆ.

ಅಕ್ಕನ ಮಗಳು ಆ ಕಂತುಗಳನ್ನೆಲ್ಲ ಓಡಿಸಿಕೊಂಡು ನೋಡಿದ್ದಾಳೆ. ಅವುಗಳಲ್ಲಿ ಲವ್ ಕಡಿಮೆಯಂತೆ.