ಸೇತುವೆಯ ಕೆಳಗಿನ ಹುಡುಗನಿಗೆ ದೊರೆತ ಹೆಸರು

ಅನಾಥನಾದ ಹುಡುಗನಿಗೆ ಅನ್ನವಿಕ್ಕಿ ಕೆಲಸ ಕಲಿಸಿದೊಡನೆ ನಮ್ಮ ಕರ್ತವ್ಯವು ತೀರಿತೆಂದು ನಾವು ಎಣಿಸಿಕೊಳ್ಳುವದುಂಟು. ಅದು ತೀರಲಿಲ್ಲವೆಂಬದನ್ನು ಮಕ್ಕಳಿಗೋಸ್ಕರ ಬರೆಯಲ್ಪಟ್ಟ ಒಂದು ಚಾರಿತ್ರಿಕ ಕಥೆಯು ನಮಗೆ ತೋರಿಸಿತು. ಕೊರಿಯದಿಂದ ಬಂದ ತಂದೆತಾಯಿಗಳಿಗೆ ಅಮೇರಿಕದಲ್ಲಿ ಹುಟ್ಟಿದ ಲಿಂಡಾ ಸ್ಯೂ ಪಾರ್ಕ್ ಎಂಬಾಕೆಯು ಬರೆದ 'ಎ ಸಿಂಗಲ್ ಶಾರ್ಡ್' ಎಂಬ ಆ ಪುಸ್ತಕವು 2001ರಲ್ಲಿ ಪ್ರಕಟವಾಗಿ, 2002ರಲ್ಲಿ ನ್ಯೂಬರಿ ಪದಕವನ್ನು ಹೊಂದಿತು. ಶಾರ್ಡ್ ಎಂದರೆ ಬೋಕಿ.

ಕಥೆಯ ಕಾಲವು 12ನೆಯ ಶತಮಾನ; ಸ್ಥಳವು ಕೊರಿಯದ ಪಡುವಣ ಕರಾವಳಿಯಲ್ಲಿರುವ ಚುಲ್ಪೊ ಎಂಬ ಕುಂಬಾರರ ಹಳ್ಳಿ. ಅಲ್ಲಿಯ ಸೇತುವೆಯ ಕೆಳಗೆ ಪರದೇಶಿ ಹುಡುಗನೊಬ್ಬನು ವಾಸಿಸುತ್ತಿದ್ದನು. ಬೀಜವಿಲ್ಲದೆ ಸತ್ತ ಮರದ ಮೇಲೆ ಹುಟ್ಟುವ ಅಣಬೆಯ ಹೆಸರನ್ನೇ, ಅಂದರೆ ಮರಗಿವಿ ಎಂದು, ಅವನಿಗೆ ಇಟ್ಟಿದ್ದರು. ಕೊಕ್ಕರೆಯವನೆಂದು ಕರೆಯಲ್ಪಡುತ್ತಿದ್ದ ಕುಂಟ ಮುದುಕನೊಬ್ಬನು ಅವನನ್ನು ಸಾಕಿ, ಕದಿಯುವದಕ್ಕಿಂತ ಹಸಿದಿರುವದು ಲೇಸೆಂದು ಕಲಿಸಿದ್ದನು. ಇವನಿಗಿಂತ ಉತ್ತಮನಾದ ಗುರುವನ್ನು ನಾವು ಆ ಪುಸ್ತಕದಲ್ಲಿ ಕಾಣಲಿಲ್ಲ.

ಮಿನ್ ಎಂಬ ಹಿರಿಯ ಕುಂಬಾರನ ಪೆಟ್ಟಿಗೆಯೊಂದನ್ನು ಹುಡುಗನು ಒಡೆದನು. ಅದರ ಬೆಲೆಗೆ ಒಂಭತ್ತು ದಿನ ದುಡಿದು ತೀರಿಸಿದ ಮೇಲೂ, ಕೂಲಿಯಿಲ್ಲದೆ, ಮಧ್ಯಾಹ್ನದ ಊಟ ಮಾತ್ರ ಪಡೆದು, ಅಲ್ಲಿಯೇ ಸೌದೆ ಕಡಿದು ಮಣ್ಣು ಹೊತ್ತನು. ಆ ಊಟದಲ್ಲಿಯೂ ಅರ್ಧವನ್ನು ಮುದುಕನಿಗಾಗಿ ಹೊರಗೆ ಅಡಗಿಸಿಡುತ್ತಿದ್ದನು. ಮಿನ್ನನ ಹೆಂಡತಿಯು ಇದನ್ನು ಅರಿತು, ಯಾರಿಗೂ ಹೇಳದೆ ಆ ಬೋಗುಣಿಯನ್ನು ತಿರಿಗಿ ತುಂಬಿಸುತ್ತಿದ್ದಳು.

ಆದರೂ ಹುಡುಗನು ತಿಗುರಿಯ ವಿದ್ಯೆಯನ್ನು ಬೇಡಿದಾಗ ಮಿನ್ನನು ಒಪ್ಪಲಿಲ್ಲ. ಅದು ತಂದೆಯಿಂದ ಮಗನಿಗೆ ಸಲ್ಲತಕ್ಕದ್ದು. ನೀನು ನನ್ನ ಮಗನಲ್ಲವೆಂದನು. ಅವನ ಸ್ವಂತ ಮಗ ಹ್ಯುಂಗ್-ಗು ಜ್ವರದಿಂದ ತೀರಿಹೋಗಿದ್ದನು. ದುಃಖಿತನ ಕಠಿಣತೆಯನ್ನು ನಾವು ಕನಿಕರದಿಂದಲೇ ನೋಡಬೇಕು. ಆದರೆ ದತ್ತಪುತ್ರರೆಂದು ಕರೆಯಲ್ಪಟ್ಟ ನಾವು, ನಮ್ಮ ಮನೆಯ ದನ ಕಾಯುವ ತಬ್ಬಲಿಯನ್ನು ಏನೆಂದು ಕರೆಯುತ್ತೇವೆ? ಅವನ ಊಟದ ತಟ್ಟೆ ಎಲ್ಲಿರುತ್ತದೆ?

ಮುಂದೆ ಹುಡುಗನು ಮಿನ್ನನ ಎರಡು ಹಸುರು ಹೂಜಿಗಳನ್ನು ಹೊತ್ತು ರಾಜಧಾನಿಯಾದ ಸೊಂಗ್ಡೊಗೆ ಕಾಲ್ನಡೆಯಾಗಿ ಹೊರಟನು. ಕಳ್ಳರು ದಾರಿಯಲ್ಲಿ ಅವುಗಳನ್ನು ಬಂಡೆಯಿಂದ ಕೆಳಕ್ಕೆಸೆದರು. ಉಳಿದ ಒಂದೇ ಬೋಕಿಯನ್ನು ಅವನು ಅರಮನೆಯ ಅಧಿಕಾರಿಗೆ ತೋರಿಸಲು, ಮಿನ್ನನಿಗೆ ಅರಮನೆಯ ಕೆಲಸವು ದೊರಕಿತು. ಹುಡುಗನು ಹಿಂತಿರುಗುವಷ್ಟರಲ್ಲಿ ಕೊಕ್ಕರೆಯವನು ಸೇತುವೆಯಿಂದ ಬಿದ್ದು ಸತ್ತಿದ್ದನು. ಹುಡುಗನು ಮಾಡಿಕೊಟ್ಟ ಮಣ್ಣಿನ ಕೋತಿ ಅವನ ಕೈಯಲ್ಲಿತ್ತು.

ಆಗ ಮಿನ್ನನ ಹೆಂಡತಿಯು ಹುಡುಗನಿಗೆ ಹ್ಯುಂಗ್-ಪಿಲ್ ಎಂದು ಹೆಸರಿಟ್ಟಳು. ಒಡಹುಟ್ಟಿದವರ ಹೆಸರುಗಳಲ್ಲಿ ಒಂದು ಅಕ್ಷರವು ಸಮವಾಗಿರುವದು ಆ ದೇಶದ ಪದ್ಧತಿ. ಮಿನ್ನನಾದರೋ ಪ್ರೀತಿಯ ಮಾತೊಂದನ್ನೂ ಆಡದೆ, ಇನ್ನೊಂದು ತಿಗುರಿಗೆ ಬೇಕಾಗುವಷ್ಟು ದಪ್ಪನೆಯ ಮರವನ್ನು ಕಡಿದು ತರಬೇಕೆಂದು ಗದರಿಸಿ ಅವನನ್ನು ಕಾಡಿಗೆ ಕಳುಹಿಸಿದನು.